ಹಳೇ ಮೌಂಟನ್ ಬೈಕಿಗೆ ಆ ಕಾಲದ್ದೇ ಪಾರ್ಟ್ಸ್ ಹಾಕೋದು

ಬಳ್ಳಾರಿಯ ಗುಜರಿಯಲ್ಲೋ, ಯಾರದೋ ಮಾಳಿಗೆ ಮೇಲೋ 90ರ ದಶಕದ ಗೇರ್ ಸೈಕಲ್ ಸಿಕ್ಕಿತಾ? ಮೊದಲೇ ಪೇಂಟಿಂಗ್‌ಗೆ ಕೊಡಬೇಡಿ. ಹಳೇ ಬಣ್ಣ, ಸ್ಟಿಕರ್ ಇದ್ದರೇನೇ ಅದರ ಕಳೆ.

ಮೊದಲು ವರ್ಷ ಪತ್ತೆ ಮಾಡಿ. ಜಪಾನಿನ ಶಿಮಾನೋ ಕಂಪನಿಯ ಪಾರ್ಟ್ಸ್ ಆದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ಒಳಮೈ, ಡಿರೈಲರ್ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಹಿಂಭಾಗ ಒರೆಸಿ ನೋಡಿ, ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಎ ಅಂದರೆ 1976, ಹಾಗೇ ಎಣಿಸುತ್ತಾ ಹೋದರೆ ಪಿ ಅಂದರೆ 1991. 'ಪಿಎಫ್' ಅಂತಿದ್ದರೆ 1991ರ ಜೂನ್.

ಅಂಥ ಸೈಕಲ್ಲಿಗೆ ವಿ-ಬ್ರೇಕ್ (ಉದ್ದ ತೋಳಿನ ರಿಮ್ ಬ್ರೇಕ್) ಹಾಕಬೇಡಿ, ಶಿಮಾನೋ ಅದನ್ನು ತಂದದ್ದೇ 1996ರ ಹೊತ್ತಿಗೆ. ಅದಕ್ಕೂ ಹಿಂದಿನ, ಗಿಡ್ಡ ತೋಳಿನ ಕ್ಯಾಂಟಿಲಿವರ್ ಬ್ರೇಕೇ ಹುಡುಕಿ, ಲಿವರ್ ಕೂಡ ಅದರದ್ದೇ ಇರಲಿ. ವಿ-ಬ್ರೇಕ್ ಲಿವರ್ ಕೇಬಲನ್ನು ಜಾಸ್ತಿ ಎಳೆಯುತ್ತದೆ, ಹಿಡಿದರೆ ಕೈಗೆ ಗಟ್ಟಿ ಅನಿಸುತ್ತದೆ, ಆದರೆ ಸೈಕಲ್ ಸರಿಯಾಗಿ ನಿಲ್ಲಲ್ಲ.

ಪೆಡಲ್ ಬಿಚ್ಚುವಾಗ ನೆನಪಿರಲಿ, ಎಡಗಡೆಯದಕ್ಕೆ ತಿರುಪು ಉಲ್ಟಾ. ಸುಮ್ನೆ ಜೋರು ಮಾಡಿದರೆ ಇನ್ನೂ ಬಿಗಿಯಾಗುತ್ತದೆ.

ಗಣಿಗಳಿರುವ ಸಂಡೂರು ಕಡೆ ಓಡಿದ ಸೈಕಲ್ ಆದರೆ ಹಬ್ (ಚಕ್ರದ ನಡುಭಾಗ) ಬಿಚ್ಚಲೇಬೇಕು. ಅದಿರಿನ ಕೆಂಧೂಳು ಗ್ರೀಸಿಗೆ ಸೇರಿ ಉಜ್ಜುಕಾಗದದಂತೆ ಒಳಗೆಲ್ಲ ತೇಯುತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಕೋನ್ (ಬೇರಿಂಗ್ ಗುಂಡುಗಳು ಉರುಳುವ ಭಾಗ) ಮೇಲೆ ಉಗುರು ಆಡಿಸಿ. ತಗ್ಗು ತಗುಲಿದರೆ ಕೋನ್ ಬದಲಿಸಿ. ಗುಂಡುಗಳನ್ನಂತೂ ಹೊಸದೇ ಹಾಕಿ, ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಕಾಲಿಂಚಿನವು, ಒಂದು ಕಡೆಗೆ 9.

ಕೇಬಲ್, ಬ್ರೇಕ್ ರಬ್ಬರ್, ಟೈರ್ ಹೊಸದಿದ್ದರೆ ಯಾರೂ ಬೈಯಲ್ಲ. ಟೈರ್ ಕೇಳುವಾಗ ಮಾತ್ರ '26 ಇಂಚು' ಅಂದರೆ ಸಾಲದು, ಮೇಲೆ 559 (ರಿಮ್ಮಿನ ಅಳತೆ, ಮಿ.ಮೀ.ನಲ್ಲಿ) ಅಂತ ಇದೆಯಾ ನೋಡಿ. ಮಾಮೂಲಿ ಸೈಕಲ್ಲಿನ 26×1⅜ ಟೈರು 590 ಅಳತೆಯದು, ಈ ರಿಮ್ಮಿಗೆ ಕೂರಲ್ಲ.