ಗುಳ್ಳೆ ಬರ್ತಿದೆಯಾ, ಮೊದಲು ಅದನ್ನು ನೋಡು

ಹೊಸದಾಗಿ ಬಂದ ಸಿಸ್ಟರ್‌ಗಳು ಮಾನಿಟರ್ ಮುಂದೆ ನಿಲ್ಲುತ್ತಾರೆ. ನಾನು ಅವರನ್ನು ಮಗುವಿನ ಉಸಿರಿಗೆ ನೆರವಾಗುವ, ಗುಳ್ಳೆ ಏಳುವ ನೀರಿನ ಬಾಟಲಿ ಮುಂದೆ ನಿಲ್ಲಿಸುತ್ತೇನೆ. ಪುಣೆಯಲ್ಲಿ 14 ವರ್ಷದಿಂದ ಎನ್‌ಐಸಿಯು ನರ್ಸ್ ನಾನು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ. ಊರು ಶಿವಮೊಗ್ಗದ ಹತ್ತಿರ. ಇಲ್ಲಿ ಎಲ್ಲ ಮಗುವಿಗೂ ಮರಾಠಿಯಲ್ಲಿ ‘ಬಾಳ’ ಅಂತಲೇ ಕರೆಯುವುದು. ಡ್ಯೂಟಿಯಲ್ಲಿ ನನ್ನ ಬಾಯಿಗೆ ಕನ್ನಡ ಬರುವುದು, ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯವರ ಕೂಸು ಬಂದಾಗ ಮಾತ್ರ.

ಈ ಕೂಸು ಹಾಗೆ ಬಂದದ್ದು. ಅಪ್ಪ ಅಮ್ಮ ಇಂಡಿ ತಾಲ್ಲೂಕಿನವರು. 29 ವಾರಕ್ಕೇ ಹೆರಿಗೆ, ತೂಕ 1,150 ಗ್ರಾಂ. ಹೊಟ್ಟೆಯಲ್ಲಿರುವಾಗಲೇ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡುತ್ತಾರೆ, 12 ಗಂಟೆಗೊಂದರಂತೆ ನಾಲ್ಕು. ಇವಳಿಗೆ ಸಿಕ್ಕಿದ್ದು ಒಂದೇ. ನೋವು ಜೋರಾದ ಮೇಲೆಯೇ ಬಂದಿದ್ದಳು.

ಕೂಸನ್ನು ಒರೆಸದೆ, ಹುಟ್ಟಿದ ಹಾಗೆಯೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ವಾರ್ಮರ್ ಮೇಲೆ ಇಟ್ಟೆವು. ಇಷ್ಟು ಚಿಕ್ಕದು ನಿಮಿಷದಲ್ಲಿ ತಣ್ಣಗಾಗಿಬಿಡುತ್ತದೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಉಸಿರು ಬಿಡುವಾಗ ‘ಹ್ಮ್, ಹ್ಮ್’ ಅಂತ ಸಣ್ಣ ಸದ್ದು.

ಅಪ್ಪ ಬಾಗಿಲಲ್ಲಿ ನಿಂತು ಕೇಳಿದರು: “ಅಕ್ಕಾರ, ಕೂಸು ಯಾಕ್ ಹಿಂಗ ನರಳಾಕತ್ತೈತ್ರಿ? ನೋವಾಗೈತೇನ್ರಿ?”

ಅದು ನೋವಿನ ನರಳಾಟ ಅಲ್ಲ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಒಳಗೆ ಸರ್ಫ್ಯಾಕ್ಟೆಂಟ್ ಅನ್ನುವ ಜಾರು ಪದಾರ್ಥ ಇರಬೇಕು. ಬೇಗ ಹುಟ್ಟಿದ ಮಗುವಿಗೆ ಅದು ಸಾಲದು. ಉಸಿರು ಬಿಟ್ಟಾಗಲೆಲ್ಲ ಚೀಲಗಳು ಒದ್ದೆ ಪ್ಲಾಸ್ಟಿಕ್ ಕವರ್‌ನಂತೆ ಅಂಟಿಕೊಳ್ಳುತ್ತವೆ. ಪೂರ್ತಿ ಅಂಟದಿರಲಿ ಅಂತ ಮಗು ತನ್ನಷ್ಟಕ್ಕೆ ಗಂಟಲನ್ನು ಅರ್ಧ ಮುಚ್ಚಿ ಒಂಚೂರು ಗಾಳಿ ಒಳಗೇ ಉಳಿಸಿಕೊಳ್ಳುತ್ತದೆ. ಕೇಳಿಸುವುದು ಆ ಸದ್ದು. ಎಷ್ಟು ಜಾಣತನ ಅಲ್ವಾ? ಆದರೆ ಹೀಗೆ ಎಷ್ಟು ಹೊತ್ತು ಅಂತ ದುಡಿಯುತ್ತದೆ? ಚಿಕಿತ್ಸೆ ಇಲ್ಲದೆ ಆ ಸದ್ದು ನಿಂತರೆ ನನಗೆ ಭಯ. ಮಗು ಸುಸ್ತಾಗಿ ಕೈಬಿಟ್ಟಿರಬಹುದು.

ಅದರ ಗಂಟಲಿನ ಕೆಲಸವನ್ನು ನೀರಿಗೆ ವಹಿಸುವುದೇ ಬಬಲ್ ಸಿಪ್ಯಾಪ್. ಸಿಪ್ಯಾಪ್ ಅಂದರೆ ಒತ್ತಡದ ಗಾಳಿಯನ್ನು ಬಿಡದೆ ಕೊಡುತ್ತಿರುವುದು. ಸಿಪ್ಯಾಪ್‌ನಿಂದ ಇಂಥ ಮಕ್ಕಳು ಉಳಿಯುತ್ತಾರೆ ಅಂತ 1971ರಲ್ಲಿ ಅಮೆರಿಕದ ಡಾಕ್ಟರ್ ಜಾರ್ಜ್ ಗ್ರೆಗರಿ ಮತ್ತು ಜೊತೆಯವರು ತೋರಿಸಿದರು. ಬೆಚ್ಚಗಿನ, ತೇವದ ಗಾಳಿ ಮೂಗಿಗೆ ಹೋಗುತ್ತದೆ. ಆಚೆ ಬರುವ ಪೈಪಿನ ತುದಿ ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿರುತ್ತದೆ. ಆ 5 ಸೆಂಟಿಮೀಟರ್ ನೀರಿನ ಒತ್ತಡವೇ ಚೀಲಗಳನ್ನು ತೆರೆದಿಡುವುದು.

ಕೇಳಲು ಸುಲಭ. ಕಷ್ಟ ಇರುವುದೆಲ್ಲ ಮೂಗಿನಲ್ಲಿ. ಪ್ರಾಂಗ್ಸ್, ಅಂದರೆ ಮೂಗಿಗೆ ಹಾಕುವ ಎರಡು ಪುಟ್ಟ ಕೊಳವೆ, ಹೊಳ್ಳೆ ತುಂಬಬೇಕು, ಆದರೆ ಚರ್ಮ ಬಿಳಿಚಿಕೊಳ್ಳಬಾರದು. ಮೂಗಿನ ನಡುಗೋಡೆಗೆ ತಾಗಲೇಬಾರದು, ತಾಗಿದರೆ ಒಂದೇ ದಿನದಲ್ಲಿ ಹುಣ್ಣು. ಅದನ್ನು ಹಿಡಿದಿಡುವ ಟೋಪಿ ಸಡಿಲವಾದರೆ ಪ್ರಾಂಗ್ಸ್ ಜಾರುತ್ತದೆ. ಬಾಯಿ ತೆರೆದರೂ ಗಾಳಿ ಸೋರಿ ಗುಳ್ಳೆ ನಿಲ್ಲುತ್ತದೆ. ಹೊಟ್ಟೆಗೆ ಹೋದ ಗಾಳಿ ಹೊರಬರಲು ಬಾಯಿಂದ ಒಂದು ಟ್ಯೂಬ್ ಹಾಕಿ ತೆರೆದಿಡಬೇಕು. ಭುಜದ ಕೆಳಗೆ ಸಣ್ಣ ಬಟ್ಟೆ ಸುರುಳಿ. ಮಷಿನ್ ಯಾವ ಕಂಪನಿಯದು ಅಂತ ಕೇಳುವವರು ಜಾಸ್ತಿ. ಮೂಗು ನೋಡುವ ಕೈ ಯಾರದು ಅಂತ ಕೇಳುವವರು ಕಮ್ಮಿ.

ಆದರೂ ಕೊಡುವ ಗಾಳಿಯಲ್ಲಿ ಆಕ್ಸಿಜನ್ 40 ಪರ್ಸೆಂಟ್ ಬೇಕಾಯಿತು. ಡಾಕ್ಟರ್ ಸರ್ಫ್ಯಾಕ್ಟೆಂಟ್ ಕೊಡೋಣ ಅಂದರು. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುವುದು ನನ್ನ ಕೆಲಸ. ಕುಲುಕಬಾರದು, ನೊರೆ ಬರುತ್ತದೆ. ಸಿಪ್ಯಾಪ್ ತೆಗೆಯದೆಯೇ ತೆಳು ಟ್ಯೂಬಿನಲ್ಲಿ ನೇರ ಶ್ವಾಸನಾಳಕ್ಕೆ ಬಿಟ್ಟರು. ಅರ್ಧ ಗಂಟೆಯಲ್ಲಿ ಆಕ್ಸಿಜನ್ 25ಕ್ಕೆ ಇಳಿಸಿದೆವು.

ಕೆಫೀನ್ ಕೂಡ ಶುರು ಮಾಡಿದೆವು, ಉಸಿರಾಡಲು ಮರೆಯದಿರಲಿ ಅಂತ. ಇದನ್ನು ಹೇಳಿದಾಗ ಅಪ್ಪ ಮೊದಲ ಸಲ ನಕ್ಕರು. “ಇಷ್ಟ್ ಸಣ್ಣ ಕೂಸಿಗೆ ಚಾ ಕುಡಸ್ತೀರೇನ್ರಿ?”

ಎರಡನೇ ರಾತ್ರಿ ತಪ್ಪು ಮಾಡಿದವಳು ನಾನೇ. ಮೂರು ಗಂಟೆ ಹೊತ್ತಿಗೆ ರಕ್ತದ ಆಕ್ಸಿಜನ್ ಮಟ್ಟ ಮಾನಿಟರ್‌ನಲ್ಲಿ 83. ಬಾಟಲಿಯಲ್ಲಿ ಗುಳ್ಳೆ ಚೆನ್ನಾಗಿಯೇ ಏಳುತ್ತಿತ್ತು. ಗುಳ್ಳೆ ಇದೆಯಲ್ಲ ಅಂತ ಸುಮ್ನೆ ಆಕ್ಸಿಜನ್ ಏರಿಸಿದೆ. 85 ಆಯಿತು, ಮತ್ತೆ ಇಳಿಯಿತು. ಸೀನಿಯರ್ ಸಿಸ್ಟರ್ ಬಂದು ಪ್ರಾಂಗ್ಸ್ ತೆಗೆದು ತೋರಿಸಿದರು: ಎರಡೂ ಹೊಳ್ಳೆಯಲ್ಲಿ ಗಟ್ಟಿ ಸಿಂಬಳ. ಗಾಳಿ ಮಗುವಿಗೆ ಹೋಗದೆ ನೇರ ನೀರಿಗೆ ಹೋಗುತ್ತಿತ್ತು. ಎರಡು ಹನಿ ಸಲೈನ್, ಮೆಲ್ಲಗೆ ಸಕ್ಷನ್. 93. ತಕ್ಷಣ ಆಕ್ಸಿಜನ್ ಇಳಿಸಿದೆವು. 90ರಿಂದ 95ರೊಳಗೆ ಇದ್ದರೆ ಸಾಕು, ಜಾಸ್ತಿಯಾದರೆ ಕಣ್ಣಿನ ರೆಟಿನಾಕ್ಕೆ ಕುತ್ತು. ಅಂದಿನಿಂದ ಗುಳ್ಳೆ ನೋಡಿದ ಮೇಲೆ ಎದೆಗೆ ಸ್ಟೆತ್ ಇಟ್ಟು ಗಾಳಿ ಹೋಗುವ ಸದ್ದನ್ನೂ ಕೇಳುತ್ತೇನೆ.

ಆಮೇಲೆ ಮೂರು ವಾರ ಹೀಗೇ ಹೋಯಿತು. ಅಮ್ಮ ದಿನಾ ಸಿಪ್ಯಾಪ್ ಸಮೇತ ಕೂಸನ್ನು ಎದೆಗೆ ಅವಚಿಕೊಂಡು ಕೂರುತ್ತಿದ್ದಳು. ಬಾಟಲಿ ಕಾಯುವ ಕೆಲಸ ಅಪ್ಪನದು. ಗುಳ್ಳೆ ನಿಂತರೆ ಕೂಗಿ ಅಂತ ನಾನೇ ಹೇಳಿದ್ದೆ.

ಒಂದು ಬೆಳಿಗ್ಗೆ ನಾನು ಹಾಲಿನ ಲೆಕ್ಕ ಬರೆಯುತ್ತಿದ್ದೆ. ಅಪ್ಪ ಸೈಟಿನಿಂದ ಬಂದವರೇ ಬಾಗಿಲಿಂದಲೇ ಗಾಬರಿಯಲ್ಲಿ ಕೂಗಿದರು: “ಅಕ್ಕಾರ! ಗುಳ್ಳಿ ನಿಂತಾವ್ರಿ!”

“ನಾವೇ ನಿಲ್ಲಿಸಿದ್ದು ಅಣ್ಣ, ಇನ್ನು ಬೇಡ,” ಅಂದೆ.

ಅವರು ನಂಬಲಿಲ್ಲ. ಕೈ ತೊಳೆದು ಬಂದು, ಕೂಸಿನ ಎದೆ ಏರಿಳಿಯುವುದನ್ನು ತುಂಬ ಹೊತ್ತು ನೋಡುತ್ತಾ ನಿಂತರು.