ಮುತ್ತಲ (ಮುತ್ತುಗ) ಹೂ ನೋಡಲು ಬಸ್ ಮಾಡಿಕೊಂಡು ಹೋಗುವುದು ಹೇಗೆ?

ಯುಗಾದಿ ಮುಗಿಸಿ, ಮಕ್ಕಳ ಪರೀಕ್ಷೆ ಮುಗಿಸಿ, ಐವತ್ತು ಸೀಟಿನ ಎಸಿ ಬಸ್ಸಿನಲ್ಲಿ ಒಂಬತ್ತಕ್ಕೆ ಕಲಬುರಗಿ ಬಿಡುವುದು. ಸುಡುಬಿಸಿಲಿಗೆ ಚಿಂಚೋಳಿ ಕಾಡು ಮುಟ್ಟಿ, ಹೂ ಎಲ್ಲಿವೆ ಅಂತ ಒಬ್ಬರ ಮುಖ ಒಬ್ಬರು ನೋಡುವುದು. ಮಹಿಳಾ ಸಂಘ, ನಿವೃತ್ತರ ಬಳಗ, ವಾಕಿಂಗ್ ಗೆಳೆಯರು, ಎಲ್ಲರೂ ಹೀಗೇ ಹೋಗಿ ಬರುತ್ತಾರೆ. ಬಂದು "ಊಟ ಚಲೋ ಇತ್ತು" ಅನ್ನುತ್ತಾರೆ, ಅಷ್ಟೆ.

ಮೊದಲು ಒಂದು ವಿಷಯ. ಮುತ್ತಲ ಅರಳುವ ಕಾಲದಲ್ಲಿ ನಮ್ಮ ಕಡೆ ಹೂವನ್ನು ನೆಲದ ಮೇಲೆ ಹುಡುಕಬೇಡಿ. ಹುಲ್ಲಿನ ನಡುವೆ ಅರಳುವ ಸಣ್ಣ ಹೂಗಳ ಕಾಲ ಮಳೆಗಾಲದ ಕೊನೆ. ಫೆಬ್ರವರಿ, ಮಾರ್ಚ್‌ನಲ್ಲಿ ನೆಲ ಒಣಗಿರುತ್ತದೆ, ಹೂ ಮರದ ಮೇಲಿರುತ್ತದೆ. ಎಲೆ ಉದುರಿಸಿ ಕೆಂಪಾಗಿ ನಿಂತ ಮುತ್ತಲ, ಅಲ್ಲಲ್ಲಿ ಬೂರುಗ. ಇವನ್ನೇ ನೋಡಲು ಹೋಗುವುದು.

ಹಂತ 1: ತಾರೀಖು ಗೊತ್ತು ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಶಿವರಾತ್ರಿಯಿಂದ ಹೋಳಿವರೆಗೆ ಅನ್ನುವುದು ಹಿರಿಯರ ಲೆಕ್ಕ. ತಪ್ಪಲ್ಲ, ಆದರೆ ಹೋಳಿಯ ತಾರೀಖು ವರ್ಷ ವರ್ಷ ಸರಿಯುತ್ತದೆ. 2026ರಲ್ಲಿ ಮಾರ್ಚ್ 4, 2027ರಲ್ಲಿ ಮಾರ್ಚ್ 22. ಮರ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಎರಡು ಭಾನುವಾರ ಖಾಲಿ ಇಟ್ಟುಕೊಂಡು, ಮೊಗ್ಗು ನೋಡಿ ನಿರ್ಧಾರ ಮಾಡಿ.

ಮುತ್ತಲ ಮೊಗ್ಗು ಹೊರಗಿನಿಂದ ಕರಿ ಮಖಮಲ್ಲಿನ ಹಾಗಿರುತ್ತದೆ. ಟೊಂಗೆ ಪೂರ್ತಿ ಕಪ್ಪಾಗಿ ಕಂಡರೆ ಇನ್ನೂ ಸ್ವಲ್ಪ ದಿನ ಇದೆ. ಅರ್ಧ ಕಪ್ಪು, ಅರ್ಧ ಕೆಂಪು ಇದ್ದರೆ ಬರುವ ಭಾನುವಾರವೇ ಹೊರಡಿ. ಬುಡದಲ್ಲಿ ಹೂ ಹಾಸಿಕೊಂಡು, ಮೇಲೆ ಚಪ್ಪಟೆ ಕಾಯಿ ಕಾಣತೊಡಗಿದರೆ ತಡವಾಯಿತು.

ಅಷ್ಟು ದೂರದ ಮೊಗ್ಗನ್ನು ಇಲ್ಲಿಂದ ನೋಡುವುದು ಹೇಗೆ? ಚಿಂಚೋಳಿಗೆ ದಿನಾ ಓಡಾಡುವ ಮಾಸ್ತರರು, ಬ್ಯಾಂಕಿನವರು, ಬಸ್ ಕಂಡಕ್ಟರ್ ಯಾರಾದರೂ ಪರಿಚಯ ಇದ್ದೇ ಇರುತ್ತಾರೆ. "ಹೂ ಬಿಟ್ಟಾವೇನ್ರಿ?" ಅಂತ ಮಾತ್ರ ಕೇಳಬೇಡಿ. ನಿಮಗೆ ಬೇಜಾರಾಗಬಾರದು ಅಂತ ಹೂಂ ಅಂದುಬಿಡುತ್ತಾರೆ. ಫೋಟೊ ಕೇಳಿ, ಇವತ್ತು ತೆಗೆದದ್ದನ್ನೇ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಚಂದದ ಚಿತ್ರಗಳು ಯಾವ ವರ್ಷದವೋ, ಯಾವ ರಾಜ್ಯದವೋ.

ಏಪ್ರಿಲ್ ಬಂದೇಬಿಟ್ಟಿತಾ? ಹಾಗಾದರೆ ಮುತ್ತಲದ ಆಸೆ ಬಿಟ್ಟು, ಹಳದಿ ಗೊಂಚಲಿನ ಕಕ್ಕೆ ಅರಳುವುದನ್ನು ಕಾಯಿರಿ. ರಸ್ತೆ ಬದಿಯ ಗುಲ್‌ಮೊಹರ್ ನೋಡಿ ಕಾಡುಹೂ ಅಂತ ಬಸ್ ನಿಲ್ಲಿಸುವವರಿದ್ದಾರೆ. ಅದು ಮಡಗಾಸ್ಕರ್‌ನಿಂದ ತಂದು ನೆಟ್ಟ ಮರ, ಮನೆ ಮುಂದೆಯೇ ನೋಡಬಹುದು.

ಹಂತ 2: ಬಸ್

ದೊಡ್ಡ ಬಸ್ ಬೇಡ. ಒಳರಸ್ತೆಯಲ್ಲಿ ಟೊಂಗೆ ತಾಗುತ್ತದೆ, ತಿರುಗಿಸಲು ಜಾಗ ಇರುವುದಿಲ್ಲ. ಮಂದಿ ಜಾಸ್ತಿ ಇದ್ದರೆ ಎರಡು ಮಿನಿ ಬಸ್ ಮಾಡಿ. ಎಸಿ ಅಂತೂ ಬೇಡವೇ ಬೇಡ. ತೆರೆಯದ ಕಿಟಕಿ, ಕಪ್ಪು ಫಿಲ್ಮು, ಮೇಲೊಂದು ಪರದೆ! ಕೆಂಪು ಹೂ ಕಂದಾಗಿ ಕಾಣುತ್ತದೆ. ಸಾರಿಗೆ ನಿಗಮದ ಬಸ್ಸೂ ಒಪ್ಪಂದದ ಮೇಲೆ ಸಿಗುತ್ತದೆ, ಡಿಪೊದಲ್ಲಿ ವಿಚಾರಿಸಿ. ಖಾಸಗಿಯಾದರೆ ಕನಿಷ್ಠ ಎಷ್ಟು ಕಿಲೋಮೀಟರ್‌ಗೆ ಬಾಡಿಗೆ, ಡ್ರೈವರ್ ಬಾಟಾ ಸೇರಿದೆಯೋ ಇಲ್ಲವೋ ಅನ್ನುವುದನ್ನು ಬರೆಸಿಕೊಳ್ಳಿ. ಕೊಂಚಾವರಂ ಕಡೆ ಹೋದರೆ ತೆಲಂಗಾಣ ಗಡಿ ಹತ್ತಿರ. ಪರ್ಮಿಟ್ ಇಲ್ಲದೆ ಆಚೆ ದಾಟಬಾರದು ಅಂತ ಮೊದಲೇ ಹೇಳಿಬಿಡಿ.

ಹಂತ 3: ಅನುಮತಿ

ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ. ಎಷ್ಟು ಜನ, ಯಾವ ಗಾಡಿ, ಕಾಡಿನೊಳಗಿನ ಚಂದ್ರಂಪಳ್ಳಿ ಕೆರೆಯ ತನಕ ಹೋಗುತ್ತೀರಾ ಅನ್ನುವುದನ್ನು ಅರಣ್ಯ ಇಲಾಖೆಯ ಕಚೇರಿಗೆ ವಾರ ಮೊದಲೇ ತಿಳಿಸಿ. ಗೇಟಿನಲ್ಲಿ ನಿಂತು "ನಮ್ಮವರು ಒಬ್ಬರು ಸಾಹೇಬರಿದ್ದಾರೆ" ಅನ್ನುವ ಶಾರ್ಟ್‌ಕಟ್ ಬೇಡ.

ಹಂತ 4: ಹೊರಡುವ ಹೊತ್ತು

ಐದೂವರೆಗೆ ಬಸ್ ಬಿಡಬೇಕು. ಆದ್ದರಿಂದ ಮಂದಿಗೆ ಐದು ಅಂತ ಹೇಳಿ. ಒಂದೇ ಜಾಗದಲ್ಲಿ ಎಲ್ಲರೂ ಹತ್ತಲಿ. ಒಬ್ಬೊಬ್ಬರ ಮನೆ ಮುಂದೆ ನಿಲ್ಲಿಸುತ್ತಾ ಹೋದರೆ ಊರು ದಾಟುವುದಕ್ಕೇ ಒಂದು ತಾಸು. ಇಷ್ಟು ಅವಸರ ಹಕ್ಕಿಗಳನ್ನು ನೋಡಲು. ಮುತ್ತಲಕ್ಕೆ ವಾಸನೆ ಇಲ್ಲ. ಬಣ್ಣ, ಮಕರಂದಕ್ಕೇ ಹಕ್ಕಿಗಳು ಬರುತ್ತವೆ. ಮೈನಾ, ಗಿಳಿ, ಸೂರಕ್ಕಿಗಳ ಗದ್ದಲ ಬೆಳಗಿನ ಹೊತ್ತೇ ಜಾಸ್ತಿ. ಹತ್ತೂವರೆ ಆಯಿತೆಂದರೆ ಬಿಸಿಲಿಗೆ ಹಕ್ಕಿಯೂ ಇಲ್ಲ, ನಿಮ್ಮ ಜೊತೆ ಬಂದ ಅತ್ತೆಯವರ ಉತ್ಸಾಹವೂ ಇಲ್ಲ.

ಹಂತ 5: ಊಟ, ನೀರು

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರು. ನೀರಿನ ಕ್ಯಾನ್, ಸ್ಟೀಲ್ ಲೋಟ. ಮುಗಿಯಿತು. ಕಾಡಿನಲ್ಲಿ ಒಲೆ ಹಚ್ಚುವ ಮಾತೇ ಇಲ್ಲ, ತರಗೆಲೆಗೆ ಒಂದು ಬೀಡಿ ಕಿಡಿ ಸಾಕು.

ಹಂತ 6: ನೋಡುವುದು

ಚಿಂಚೋಳಿ ಊರಿನಲ್ಲೇ ಎಲ್ಲರೂ ಶೌಚಾಲಯಕ್ಕೆ ಹೋಗಿ ಬರಲಿ. ಮುಂದೆ ಅನುಕೂಲ ಕಡಿಮೆ, ಹೆಂಗಸರಿಗೆ ಇದೇ ದೊಡ್ಡ ತಾಪತ್ರಯ. ಡ್ರೈವರ್ ಅಣ್ಣನಿಗೆ ಮೊದಲು ನಾಷ್ಟಾ ಕೊಡಿಸಿ, ಆಮೇಲೆ ಎಲ್ಲೆಲ್ಲಿ ನಿಲ್ಲಬೇಕು ಹೇಳಿ. ತಿರುವಿನಲ್ಲಿ ನಿಲ್ಲಿಸಬೇಡಿ. ಅರ್ಧ ದಾರಿಗೆ ಎಡಗಡೆಯವರು ಬಲಕ್ಕೆ ಕೂರಲಿ, ಇಲ್ಲದಿದ್ದರೆ ಜಗಳ.

ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ದುರ್ಬೀನು ಮಕ್ಕಳ ಆಟಕ್ಕೆ ಮಾತ್ರ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಜೂಮ್ ಲೆನ್ಸೂ ಅಷ್ಟೇ, ಅಂಚೆಲ್ಲಾ ಮಸುಕು. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಗಾಜಿನದು) ಅಂತ ಬರೆದಿರುವ ಒಂದು ಒಳ್ಳೆಯ ದುರ್ಬೀನು ಯಾರಿಂದಲಾದರೂ ಎರವಲು ತನ್ನಿ, ಇಡೀ ಬಸ್ಸಿಗೆ ಸಾಕು.

ಹೋಳಿ ಬಣ್ಣಕ್ಕೆ ಅಂತ ಚೀಲ ತುಂಬಿಸಬೇಡಿ. ವನ್ಯಜೀವಿಧಾಮದೊಳಗೆ ಹೂ ಕೀಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಣ್ಣ ಬೇಕೇ ಬೇಕೆಂದರೆ ಪರಿಚಯದವರ ಹೊಲದ ಬದುವಿನ ಮರದ ಕೆಳಗೆ ಉದುರಿದ್ದನ್ನು, ಅವರನ್ನು ಕೇಳಿ ಆರಿಸಿಕೊಳ್ಳಿ. ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿದರೆ ಆಯಿತು.

ಹನ್ನೊಂದಕ್ಕೆ ಬಸ್ ತಿರುಗಿಸಿ. ರೊಕ್ಕವನ್ನು ಮುಂಗಡವೇ ವಸೂಲು ಮಾಡಿರಬೇಕು, ಕೊನೆಗಳಿಗೆಯಲ್ಲಿ ಬರಲ್ಲ ಅಂದವರಿಗೆ ವಾಪಸ್ ಇಲ್ಲ. ಉಳಿದ ದುಡ್ಡಿನ ಲೆಕ್ಕ ಊರು ಬರುವ ಮೊದಲು ಬಸ್ಸಿನಲ್ಲೇ ಓದಿ ಹಂಚಿಬಿಡಿ. ಇಳಿದ ಮೇಲೆ ಯಾರೂ ನಿಲ್ಲುವುದಿಲ್ಲ, ಆಮೇಲೆ ಗ್ರೂಪಿನಲ್ಲಿ ತಿಂಗಳುಗಟ್ಟಲೆ ಅದೇ ಚರ್ಚೆ.