ಟರ್ಬೊ ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟುವುದು ಹೇಗೆ?

ಕಾಸರಗೋಡು ಕಡೆಯ ತೋಟದ ಮನೆಗಳ ಅಂಗಳದಲ್ಲಿ ಇವತ್ತಿಗೂ ಹಳೆ ಸ್ವಿಫ್ಟ್, ರಿಟ್ಜ್, ಡಿಸೈರ್, ಪುಂಟೊ, ವಿಸ್ಟಾ ನಿಂತಿರುತ್ತವೆ. ಡೀಸೆಲ್ ಗಾಡಿಯಾದರೆ ಬಾನೆಟ್ ಕೆಳಗಿರುವುದು ಬಹುತೇಕ ಒಂದೇ ಎಂಜಿನ್: ಫಿಯೆಟ್‌ನವರ 1248 ಸಿಸಿ ಮಲ್ಟಿಜೆಟ್, ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವಂಥದ್ದು. ಮಾರುತಿಯವರು ಅದನ್ನು 2007ರಲ್ಲಿ ಸ್ವಿಫ್ಟ್‌ಗೆ ಹಾಕಿದರು, 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದಾಗ ಕೈಬಿಟ್ಟರು. ಗಾಡಿಗಳು ಓಡುತ್ತಲೇ ಇವೆ. ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಹೊಗೆ ಶುರುವಾಗುತ್ತದೆ, ಗ್ಯಾರೇಜಿನವರು "ಫುಲ್ ಎಂಜಿನ್ ಕೆಲಸ, ಟರ್ಬೊನೂ ಹೋಗಿದೆ" ಅನ್ನುತ್ತಾರೆ, ಅವರು ಹೇಳುವ ರೇಟಿಗೆ ಇನ್ನೊಂದು ಹಳೆ ಗಾಡಿಯೇ ಬರುತ್ತದಲ್ವಾ ಅಂತ ನಮಗೆ ಅನಿಸುತ್ತದೆ.

ಮನೆಯಲ್ಲಿ ಮಾಡಬಹುದಾ? ಮಾಡಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇರಬೇಕು, ಜೊತೆಗೆ ಇನ್ನೊಬ್ಬರು ಬೇಕು, ಆ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನ್ಯುವಲ್ ಅಂತೂ ಬೇಕೇ ಬೇಕು. ಟರ್ಬೊ ಇದ್ದರೆ ಎಲ್ಲಕ್ಕಿಂತ ಜಾಸ್ತಿ ತಲೆ ಕೊಡಬೇಕಾದ್ದು ಆಯಿಲ್‌ಗೆ. ಇಂಥ ಸಣ್ಣ ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೇಲೆ, ಕೆಲವೊಮ್ಮೆ ಎರಡು ಲಕ್ಷ ಸುತ್ತು ತಿರುಗುತ್ತದೆ. ಅದನ್ನು ಹಿಡಿದಿರುವುದು ತೆಳ್ಳಗಿನ ಒಂದು ಆಯಿಲ್ ಪದರ. ಆ ಆಯಿಲ್ ಎಂಜಿನ್ನಿನಿಂದಲೇ ಬರಬೇಕು. ಹಾಗಾಗಿ ಹೊಸ ಟರ್ಬೊ ಹಾಕಿ ತಿಂಗಳೊಳಗೆ ಮತ್ತೆ ಕೂಗಾಡಿದರೆ ಟರ್ಬೊ ಮಾರಿದವನನ್ನು ಬೈಯುವ ಮುಂಚೆ ಆಯಿಲ್ ಬರುವ ಪೈಪು, ಹೋಗುವ ಪೈಪು ಎರಡನ್ನೂ ನೋಡಿ.

ನಿಜವಾಗಿ ಬಿಚ್ಚಬೇಕಾ?

ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ ಅಂತ. ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ಹೋಸ್ ಹರಿದಿದ್ದರೂ ಹೀಗಾಗುತ್ತದೆ, ಅದಕ್ಕೆ ಎಂಜಿನ್ ಇಳಿಸುವುದು ಬೇಡ. ಬಿಳಿ ಹೊಗೆಯ ಜೊತೆ ಕೂಲೆಂಟ್ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಅದು ಪಿಸ್ಟನ್ನಿನ ರಿಂಗ್ ದಾಟಿ ಬರುತ್ತಿದೆಯೋ ಟರ್ಬೊ ಸೀಲ್ ದಾಟಿ ಬರುತ್ತಿದೆಯೋ ಅಂತ ಬೇರೆ ಮಾಡಿ ನೋಡಬೇಕು. ನಾಲ್ಕು ಸಿಲಿಂಡರ್‌ಗೂ ಕಂಪ್ರೆಷನ್ ಟೆಸ್ಟ್ (ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಅಂತ ಅಳೆಯುವುದು) ಮಾಡಿ. ಒಂದು ಕಮ್ಮಿ ತೋರಿಸಿದರೆ ಅದಕ್ಕೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ನೋಡಿ. ಈಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಟರ್ಬೊ ನೋಡಲು ಎಂಜಿನ್ ತಣ್ಣಗಿರುವಾಗ ಗಾಳಿ ಎಳೆಯುವ ಹೋಸ್ ಕಳಚಿ, ಒಳಗಿನ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಡಿದರೆ ಗಾಬರಿ ಬೇಡ, ಆಯಿಲ್ ಒತ್ತಡ ಇಲ್ಲದಾಗ ಅಷ್ಟು ಇರುತ್ತದೆ. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಇದ್ದರೆ ಅದು ಮುಗಿದ ಹಾಗೆ. ಹೋಸ್ ಒಳಗೆ ಆಯಿಲ್ ಸವರಿದಷ್ಟು ಇರುವುದು ಮಾಮೂಲು. ಕೆರೆ ಕಟ್ಟಿ ನಿಂತಿದ್ದರೆ ಗಾಡಿ ಓಡಿಸಬೇಡಿ. ಯಾಕೆಂದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಕುಡಿದು ತನ್ನಷ್ಟಕ್ಕೆ ರೇಸ್ ಆಗಬಹುದು, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ಬ್ರೇಕ್ ಒತ್ತಿ ಹಿಡಿದು, ಮೇಲಿನ ಗಿಯರಿಗೆ ಹಾಕಿ, ಕ್ಲಚ್ ಬಿಟ್ಟು ಉಸಿರು ಕಟ್ಟಿಸಬೇಕು. ಬಾನೆಟ್ ಎತ್ತಿ ಬಗ್ಗಿ ನೋಡುತ್ತಾ ನಿಲ್ಲಬೇಡಿ.

ಜಾಗ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಹಿಡಿಯದಿದ್ದರೆ ಒಳ್ಳೆಯದು. ಬೋರ್ ಮಾಡಿ (ಸಿಲಿಂಡರಿನ ಒಳಗೋಡೆ ಕೊರೆದು ಅಗಲ ಮಾಡಿಸಿ) ತಂದ ಎರಕದ ಬ್ಲಾಕು ಮಳೆಗಾಲದ ಗಾಳಿಗೆ ಒಂದು ರಾತ್ರಿಯಲ್ಲಿ ಕೆಂಪಗಾಗುತ್ತದೆ. ಅಂಗಳ ಬೇಡ. ಕೆಂಪುಕಲ್ಲಿನ ದೂಳು ಬೇರಿಂಗಿಗೆ ಮರಳು ಕಾಗದ ಇದ್ದ ಹಾಗೆ. ಬಾಗಿಲು ಹಾಕಬಹುದಾದ ಕೋಣೆ ಬೇಕು. ಅದು ತೋಟಕ್ಕೆ ಮದ್ದು ಬಿಡುವ ಮೈಲುತುತ್ತು ಇಟ್ಟ ಕೋಣೆ ಆಗಿರಬಾರದು, ಅದು ಕಬ್ಬಿಣವನ್ನೂ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ.

ಎಂಜಿನ್ ಒಂದೇ ಸುಮಾರು 130 ಕಿಲೋ, ಗಿಯರ್‌ಬಾಕ್ಸ್ ಸೇರಿದರೆ ಇನ್ನೂ ಜಾಸ್ತಿ. ಶೀಟಿನ ಮಾಡಿನ ಪೈಪಿಗೆ ಚೈನ್ ಬ್ಲಾಕ್ ನೇತು ಹಾಕುವ ಧೈರ್ಯ ಬೇಡ. ಎಂಜಿನ್ ಕ್ರೇನ್ ಬಾಡಿಗೆಗೆ ತನ್ನಿ. ಉಳಿದಂತೆ ದುಡ್ಡು ಹಾಕಬೇಕಾದ್ದು ಟಾರ್ಕ್ ರೆಂಚಿಗೆ, ಆಂಗಲ್ ಗೇಜಿಗೆ, ಫೀಲರ್ ಗೇಜಿಗೆ, ಟೈಮಿಂಗ್ (ವಾಲ್ವ್, ಪಿಸ್ಟನ್ನುಗಳ ಹೊಂದಾಣಿಕೆ) ಲಾಕ್ ಮಾಡುವ ಟೂಲ್ ಸೆಟ್ಟಿಗೆ. ಮೈಕ್ರೋಮೀಟರ್, ಬೋರ್ ಗೇಜ್ ಲೇತಿನವರ ಹತ್ತಿರ ಇರುತ್ತದೆ.

ಬಿಚ್ಚುವಾಗ

ಬ್ಯಾಟರಿ ಕಳಚಿ, ಆಯಿಲ್, ಕೂಲೆಂಟ್ ಇಳಿಸಿ. ಹಳೆ ಆಯಿಲನ್ನು ಕ್ಯಾನಿನಲ್ಲಿ ತುಂಬಿಸಿ ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ. ಗುಡ್ಡೆಯ ಬದಿಗೆ ಚೆಲ್ಲಿದರೆ ಮುರಕಲ್ಲಿನ ಸಂದಿಯಲ್ಲಿ ಇಳಿದು ಬಾವಿಗೋ ನೀರಿಗಾಗಿ ಗುಡ್ಡೆ ಕೊರೆದ ಸುರಂಗಕ್ಕೋ ಸೇರುತ್ತದೆ, ಕುಡಿಯುವುದು ನೀವೇ. ಎಸಿ ಪೈಪ್ ಬಿಚ್ಚಲು ಹೋಗಬೇಡಿ, ಕಂಪ್ರೆಸರನ್ನು ಪೈಪ್ ಸಮೇತ ಬದಿಗೆ ಹಗ್ಗ ಹಾಕಿ ಕಟ್ಟಿ.

ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲಿನ ಒತ್ತಡ ಓಡುವಾಗ ಸಾವಿರ ಬಾರ್ ದಾಟುತ್ತದೆ. ಆ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಎಂಜಿನ್ ಆಫ್ ಮಾಡಿ ಸಾಕಷ್ಟು ಹೊತ್ತು ಬಿಟ್ಟೇ ಬಿಚ್ಚಿ, ಬಿಚ್ಚಿದ ಕೂಡಲೇ ಎಲ್ಲ ಬಾಯಿಗೂ ಕ್ಯಾಪ್ ಹಾಕಿ. ಯಾವ ಇಂಜೆಕ್ಟರ್ ಯಾವ ಸಿಲಿಂಡರಿನದ್ದು ಅಂತ ಬರೆದಿಡಿ, ಅದರ ಮೇಲಿನ ಕೋಡ್ ಎಂಜಿನ್ನಿನ ಕಂಪ್ಯೂಟರ್ ಇಸಿಯುಗೆ ಗೊತ್ತಿರುತ್ತದೆ. ಸ್ಟಾರ್ಟಿಗೆ ಮುಂಚೆ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ಬಿಚ್ಚುವಾಗ ಒಳಗೇ ತುಂಡಾಗುವುದುಂಟು, ತುಕ್ಕು ಬಿಡಿಸುವ ಆಯಿಲ್ ಹಾಕಿ ಕಾಯುವುದೇ ದಾರಿ.

ಕನೆಕ್ಟಿಂಗ್ ರಾಡಿನ ಕ್ಯಾಪ್, ಮೇನ್ ಬೇರಿಂಗಿನ ಶೆಲ್ ಯಾವುದೂ ಅದಲು ಬದಲಾಗಬಾರದು. ಈಗಿನ ಹಲವು ಎಂಜಿನ್ನುಗಳಲ್ಲಿ ರಾಡನ್ನು ಒಂದೇ ತುಂಡಾಗಿ ಮಾಡಿ ಆಮೇಲೆ ಒಡೆದಿರುತ್ತಾರೆ, ಒಡೆದ ಮುಖ ಅದರ ಜೊತೆಗೆ ಮಾತ್ರ ಕೂರುತ್ತದೆ. ಟೈಮಿಂಗ್ ಚೈನ್ ಸಡಿಲ ಇದ್ದರೆ, ಗೈಡಿನ ಪ್ಲಾಸ್ಟಿಕ್ ಹರಿದಿದ್ದರೆ ಆ ಚೂರು ಎಲ್ಲಿ ಹೋಯಿತು ಅಂತ ಹುಡುಕಿ. ಸಾಮಾನ್ಯವಾಗಿ ಆಯಿಲ್ ಪಂಪಿನ ಜಾಲರಿಯಲ್ಲಿ ಕುಳಿತಿರುತ್ತದೆ.

ಲೇತಿಗೆ ಕೊಡಬೇಕಾದ್ದು

ಬ್ಲಾಕು, ಹೆಡ್ಡು, ಕ್ರ್ಯಾಂಕು. ಸುಮ್ನೆ ಕಣ್ಣಲ್ಲಿ ನೋಡಿ "ಚೆನ್ನಾಗಿದೆ" ಅನ್ನುವ ಹಾಗಿಲ್ಲ. ಹೆಡ್ ಅಲ್ಯೂಮಿನಿಯಂ, ಒಮ್ಮೆ ಕಾದರೆ ಬಾಗುತ್ತದೆ. ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ತೂರಿಸಿ, ಮಿಲಿಮೀಟರಿನ ಹತ್ತನೇ ಒಂದು ಭಾಗ ದಾಟಿದರಂತೂ ಬಾಗಿದೆ ಅನ್ನುವುದರಲ್ಲಿ ಸಂಶಯವೇ ಇಲ್ಲ. ಬಿರುಕಿದೆಯಾ ಅಂತ ಪ್ರೆಷರ್ ಟೆಸ್ಟೂ ಮಾಡಿಸಿ. ಒಳ್ಳೆ ಬೋರಿಂಗ್ ಕೆಲಸಕ್ಕೆ ನಮ್ಮವರು ಮಂಗಳೂರಿಗೆ ಹೋಗುತ್ತಾರೆ. ಪಿಸ್ಟನ್ ಓವರ್‌ಸೈಜ್ (ಅಗಲವಾದ ಬೋರಿಗೆ ತಕ್ಕ ದೊಡ್ಡದು) ಸಿಗುತ್ತದೆ ಅಂತ ಖಾತ್ರಿ ಮಾಡಿ, ಕೈಗೆ ತಂದುಕೊಂಡು, ಆಮೇಲೆ ಬೋರ್ ಮಾಡಿಸಿ. ಕ್ರ್ಯಾಂಕನ್ನು ಬಸ್ಸಿನ ಸೀಟಿನಡಿ ಉರುಳಾಡಲು ಬಿಡಬೇಡಿ, ಗೋಣಿಯಲ್ಲಿ ಸುತ್ತಿ ಅಲುಗಾಡದ ಹಾಗೆ ಕಟ್ಟಿ.

ತೊಳೆಯುವುದು

ಮನೆಯಲ್ಲಿ ಕೆಲಸ ಕೆಡುವುದು ಜಾಸ್ತಿ ಇಲ್ಲೇ. ಹೋನ್ ಮಾಡಿದ (ಕಲ್ಲಿನಿಂದ ಉಜ್ಜಿದ) ಸಿಲಿಂಡರಿನಲ್ಲಿ ಒಂದನ್ನೊಂದು ದಾಟುವ ಗೆರೆಗಳಿರುತ್ತವೆ, ಆ ಗೆರೆಯೊಳಗೆ ಕಲ್ಲಿನ ಪುಡಿ ಕುಳಿತಿರುತ್ತದೆ. ಸೀಮೆಎಣ್ಣೆ, ಪೆಟ್ರೋಲಲ್ಲಿ ತೊಳೆದರೆ ಅದು ಹೊರಗೆ ಬರುವುದಿಲ್ಲ, ಇನ್ನೂ ಒಳಗೆ ಕೂರುತ್ತದೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ಷು. ಉಜ್ಜಿ, ಒರೆಸಿ, ಮತ್ತೆ ಉಜ್ಜಿ. ಹಳೆ ಬಿಳಿ ಪಂಚೆಯ ತುಂಡಿಗೆ ಆಯಿಲ್ ಮುಟ್ಟಿಸಿ ಗೋಡೆಗೆ ಒತ್ತಿ ಒರೆಸಿದಾಗ ಬೂದು ಬಣ್ಣ ಹತ್ತಬಾರದು. ಹತ್ತಿದರೆ ಮತ್ತೆ ಶುರು. ಬೆಳ್ಳಗೆ ಬಂದ ಕ್ಷಣ ಗಾಳಿ ಹೊಡೆದು ಒಣಗಿಸಿ ಆಯಿಲ್ ಸವರಿ, ಚಾ ಕುಡಿದು ಬಂದು ಸವರುತ್ತೇನೆ ಅಂದರೆ ಅಷ್ಟರಲ್ಲಿ ತುಕ್ಕು ಶುರು.

ಬ್ಲಾಕಿನ ಆಯಿಲ್ ದಾರಿಗಳ ಪ್ಲಗ್ ತೆಗೆಸಿ, ಉದ್ದ ಬ್ರಷ್ ಹಾಕಿ, ಕಂಪ್ರೆಸರ್ ಗಾಳಿ ಬಿಡಿ. ಕ್ರ್ಯಾಂಕಿನ ತೂತುಗಳೂ ಹಾಗೆಯೇ. ಇಂಟರ್‌ಕೂಲರ್ ಮರೆತುಹೋಗುವ ಸಾಮಾನು. ಹಳೆ ಟರ್ಬೊದ ರೆಕ್ಕೆ ತುಂಡಾಗಿದ್ದರೆ ಅದರ ಚೂರು, ಸೋರಿದ ಆಯಿಲ್ ಎಲ್ಲ ಅಲ್ಲೇ ಇರುತ್ತದೆ, ಹೊಸ ಎಂಜಿನ್ನಿಗೆ ಅದನ್ನೇ ತಿನ್ನಿಸಬೇಡಿ. ಸ್ವಚ್ಛವಾಗುವುದಿಲ್ಲ ಅನಿಸಿದರೆ ಬದಲಿಸಿ.

ಕಟ್ಟುವುದು

ಪ್ರತಿ ರಿಂಗನ್ನೂ ಅದರದ್ದೇ ಸಿಲಿಂಡರಿಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಒತ್ತಿ ನೇರ ಮಾಡಿ, ಬಾಯಿಯ ಸಂದಿ ಅಳೆಯಿರಿ. ಸಂದಿ ಕಮ್ಮಿ ಇದ್ದರೆ ಕಾದಾಗ ಎರಡು ತುದಿ ಮುಟ್ಟಿ ಪಿಸ್ಟನ್ನಿನ ಅಂಚೇ ಒಡೆಯುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಶಾಖ ಜಾಸ್ತಿ, ಹಾಗಾಗಿ ಇದನ್ನು ಅಂದಾಜಿನಲ್ಲಿ ಬಿಡಬೇಡಿ. ಹಾಕುವಾಗ ಬಾಯಿಗಳು ಒಂದೇ ಸಾಲಿಗೆ ಬರಬಾರದು. ಬೇರಿಂಗಿಗೆ ಪ್ಲಾಸ್ಟಿಗೇಜ್ ಎಂಬ ಮೆತ್ತನೆ ಎಳೆ ಇಟ್ಟು ಟೈಟ್ ಮಾಡಿ ಬಿಚ್ಚಿ, ಚಪ್ಪಟೆಯಾದ ಅಗಲ ನೋಡಿ ಸಂದಿ ಎಷ್ಟು ಅಂತ ತಿಳಿಯಿರಿ. ನಡುವೆ ಕ್ರ್ಯಾಂಕ್ ತಿರುಗಿಸಿದರೆ ಅಳತೆ ಹೋಯಿತು.

ಹೆಡ್ ಬೋಲ್ಟ್ ಹೊಸದೇ ಹಾಕಿ. ಅವು ಒಮ್ಮೆ ಎಳೆದು ಉದ್ದವಾಗಲೆಂದೇ ಮಾಡಿದವು: ಮೊದಲು ಟಾರ್ಕ್, ಆಮೇಲೆ ಮ್ಯಾನ್ಯುವಲ್ ಹೇಳಿದಷ್ಟು ಡಿಗ್ರಿ. ಬೋಲ್ಟಿನ ತೂತಿನಲ್ಲಿ ಆಯಿಲೋ ನೀರೋ ನಿಂತಿದ್ದರೆ ಟೈಟ್ ಮಾಡುವಾಗ ಬ್ಲಾಕೇ ಬಿರಿಯಬಹುದು, ಒಣಗಿಸಿಕೊಳ್ಳಿ. ಟೈಮಿಂಗ್ ಲಾಕ್ ತೆಗೆದ ಮೇಲೆ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಮತ್ತೆ ಲಾಕ್ ಕೂರುತ್ತದಾ ನೋಡಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ಎಂಜಿನ್ನಿನ ಅಡಿಯ ಆಯಿಲ್ ತಟ್ಟೆಗೆ (ಸಂಪ್) ಸಿಲಿಕಾನ್ ಪೇಸ್ಟ್ ತೆಳ್ಳಗೆ ಸಾಕು. ಒಳಗೆ ಉಬ್ಬಿದ್ದು ಕಿತ್ತು ಬಂದು ಆಯಿಲ್ ಜಾಲರಿ ಮುಚ್ಚುತ್ತದೆ, ಇದೊಂದೇ ಕಾರಣಕ್ಕೆ ಕೂತುಹೋದ ಎಂಜಿನ್ನುಗಳಿವೆ.

ಟರ್ಬೊ

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು, ಹೊರಗೆ ಹೋಗುವ ಹೊಗೆಯಿಂದಲೇ ಗಾಳಿ ಒತ್ತಿಸುವುದು. ಒಳಗಿನ ಚಕ್ರ, ಶಾಫ್ಟ್ ಬಿಚ್ಚುವ ಕೆಲಸ ಮನೆಯದ್ದಲ್ಲ, ಅದನ್ನು ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಬೇಕು. ರಿಪೇರಿ ಮಾಡಿಸಿ ತನ್ನಿ, ಇಲ್ಲ ಹೊಸದು ತನ್ನಿ. ಟರ್ಬೊದ ಒತ್ತಡ ಹಿಡಿತದಲ್ಲಿಡುವ ಆಕ್ಚುಯೇಟರ್ ರಾಡಿನ ನಟ್ ಮುಟ್ಟಬೇಡಿ.

ಆಯಿಲ್ ಬರುವ ಸಣ್ಣ ಪೈಪನ್ನು ತೊಳೆಯುವುದಲ್ಲ, ಬದಲಿಸುವುದು. ಒಳಗೆ ಇದ್ದಿಲು ಕಟ್ಟಿರುತ್ತದೆ, ತಂತಿ ತೂರಿಸಿದರೂ ಪೂರ್ತಿ ಬರುವುದಿಲ್ಲ. ಅದರ ಬೋಲ್ಟಿಗೆ ಹೊಸ ವಾಷರ್ ಸಾಕು, ಪೇಸ್ಟ್ ಬೇಡವೇ ಬೇಡ. ಆಯಿಲ್ ಇಳಿಯುವ ದಪ್ಪ ಪೈಪಿನಲ್ಲಿ ಒತ್ತಡ ಇಲ್ಲ, ಅದು ತನ್ನ ಭಾರಕ್ಕೆ ಇಳಿಯಬೇಕು. ಎಲ್ಲೂ ಮಡಚಿರಬಾರದು, ಗ್ಯಾಸ್ಕೆಟ್ ಬಾಯಿ ಮುಚ್ಚಿರಬಾರದು. ಕೂರಿಸುವಾಗ ಆಯಿಲ್ ತೂತಿಗೆ ಹೊಸ ಆಯಿಲ್ ಹೊಯ್ದು ಚಕ್ರವನ್ನು ಬೆರಳಲ್ಲಿ ತಿರುಗಿಸಿ.

ಸ್ಟಾರ್ಟ್

ಇಂಜೆಕ್ಟರ್ ಕನೆಕ್ಟರ್ ಕಳಚಿಟ್ಟು ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ, ನಡುವೆ ಸ್ಟಾರ್ಟರಿಗೆ ಆರಲು ಬಿಡಿ. ಆಯಿಲ್ ಲೈಟ್ ಆರಿದ ಮೇಲೆಯೇ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ. ರೇಸ್ ಕೊಡಬೇಡಿ. ಸೋರಿಕೆ ನೋಡಿ, ಆದರೆ ಡೀಸೆಲ್ ಪೈಪಿನ ಮೇಲೆ ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ.

ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಟ್ಟರೆ ರಿಂಗ್ ಕೂರುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಹದವಾದ ಲೋಡಿನಲ್ಲಿ ಓಡಿಸಿ, ವೇಗ ಏರಿಳಿಯುತ್ತಿರಲಿ. ಇದಕ್ಕೆ ಹೆದ್ದಾರಿ 66ಕ್ಕಿಂತ ಬದಿಯಡ್ಕ, ಮುಳ್ಳೇರಿಯ ಕಡೆಯ ಏರುತಗ್ಗಿನ ದಾರಿಯೇ ಲೇಸು. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಿಸಿ. ಹಳೆ ಫಿಲ್ಟರನ್ನು ಕತ್ತರಿಸಿ ಬಿಡಿಸಿ ನೋಡಿ: ಬೂದು ಪುಡಿ ತುಸು ಇದ್ದರೆ ಸರಿ, ಹೊಳೆಯುವ ಚೂರು ಸಿಕ್ಕಿದರೆ ಗಾಡಿ ಅಲ್ಲಿಗೇ ನಿಲ್ಲಿಸಿ.

ಇನ್ನು ಹಳೆ ಬ್ಲಾಕ್ ಕೆಲಸಕ್ಕೆ ಬಾರದೆ ಬೇರೆ ಬ್ಲಾಕ್ ಹಾಕಿದ್ದರೆ ಎಂಜಿನ್ ನಂಬರ್ ಬದಲಾಗುತ್ತದೆ. ಅದಕ್ಕೆ ಆರ್‌ಟಿಒ ಅನುಮತಿ ಮೊದಲೇ ತೆಗೆದುಕೊಂಡು ಆರ್‌ಸಿಯಲ್ಲಿ ಸೇರಿಸಬೇಕು. ಬ್ಲಾಕ್ ಮಂಗಳೂರಿನ ಗುಜರಿಯದ್ದಾಗಿ ಗಾಡಿ ಕೆಎಲ್ 14 (ಕಾಸರಗೋಡಿನ ನೋಂದಣಿ) ಆಗಿದ್ದರೆ, ಕೊಂಡ ಬಿಲ್ಲು ಜೋಪಾನವಾಗಿಟ್ಟುಕೊಳ್ಳಿ.